ಕೋಶದ ಹೊಸ್ತಿಲು

ಕೋಶಪೊರೆಯ ದಪ್ಪ 7ರಿಂದ 8 ನ್ಯಾನೊಮೀಟರ್. ಪುಸ್ತಕದ ಒಂದು ಹಾಳೆಯ ದಪ್ಪ ಬರಬೇಕಾದರೆ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಜೀವಕೋಶಕ್ಕೆ ಒಳಗು, ಹೊರಗು ಎಂಬುದು ಉಂಟಾಗುವುದೇ ಇದರಿಂದ. ಪಠ್ಯಪುಸ್ತಕದ ಚಿತ್ರಗಳಲ್ಲಿ ಇದು ಕೋಶವನ್ನು ಸುತ್ತಿದ ಬರೀ ಒಂದು ಗೆರೆಯಾಗಿ ಉಳಿದಿರುವುದು ವಿಷಯಕ್ಕೆ ಆಗಿರುವ ಅನ್ಯಾಯ. ಕೋಶದ ದುಡಿಮೆಯ ದೊಡ್ಡ ಪಾಲು ನಡೆಯುವುದು ಆ ಗೆರೆಯಲ್ಲೇ.

ಪೊರೆಯ ಮೂಲದ್ರವ್ಯ ಫಾಸ್ಫೋಲಿಪಿಡ್ ಎಂಬ ಕೊಬ್ಬು. ಇದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರನ್ನು ಒಲ್ಲದ ಎರಡು ಬಾಲಗಳು. ನೀರಿಗೆ ಬಿಟ್ಟರೆ ಈ ಅಣುಗಳು ಯಾರ ಒತ್ತಾಯವೂ ಇಲ್ಲದೆ ಎರಡು ಪದರವಾಗಿ ನಿಲ್ಲುತ್ತವೆ. ಬಾಲಗಳು ನಡುವೆ ಅಡಗುತ್ತವೆ, ತಲೆಗಳು ಎರಡೂ ಬದಿಯ ನೀರಿನತ್ತ ಮುಖ ಮಾಡುತ್ತವೆ. ಈ ಎರಡು ಪದರದ ಸುಳಿವು ಮೊದಲು ಸಿಕ್ಕಿದ್ದು 1925ರಲ್ಲಿ, ನೆದರ್ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಅವರಿಗೆ. ಅವರು ಆಯ್ದುಕೊಂಡ ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಾಗಲಿ ಬೇರೆ ಒಳಪೊರೆಗಳಾಗಲಿ ಇಲ್ಲ. ಸಿಕ್ಕ ಕೊಬ್ಬೆಲ್ಲ ಹೊರಪೊರೆಯದೇ. ಅಸಿಟೋನ್ ಬಳಸಿ ಆ ಕೊಬ್ಬನ್ನು ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದಾಗ, ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ಹಿಡಿಯಿತು. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು ಎಂಬುದು ಆಮೇಲೆ ತಿಳಿಯಿತು. ಒಂದು ತಪ್ಪನ್ನು ಇನ್ನೊಂದು ಸರಿದೂಗಿಸಿ ಉತ್ತರ ಸರಿಯಾಗಿಯೇ ಬಂದಿತ್ತು.

ಈ ಪದರ ಗಟ್ಟಿಯಾಗಿಲ್ಲ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನು ಮನುಷ್ಯನ ಕೋಶದೊಂದಿಗೆ ಬೆಸೆದು, ಎರಡರ ಪೊರೆಯಲ್ಲಿರುವ ಪ್ರೋಟೀನುಗಳಿಗೂ ಬೇರೆ ಬೇರೆ ಬಣ್ಣದ ಗುರುತು ಹಚ್ಚಿದರು. ಸುಮಾರು 40 ನಿಮಿಷಗಳಲ್ಲಿ ಎರಡೂ ಬಣ್ಣ ಪೊರೆಯ ತುಂಬ ಬೆರೆತಿದ್ದವು. ಎರಡು ವರ್ಷದ ಬಳಿಕ ಸಿಂಗರ್ ಮತ್ತು ನಿಕೋಲ್ಸನ್ ಮಂಡಿಸಿದ ದ್ರವ ಮೊಸಾಯಿಕ್ ಮಾದರಿ ಇಂದಿಗೂ ಬೋಧನೆಯ ಆಧಾರ: ಕೊಬ್ಬಿನ ತೆಳು ಹರಹಿನಲ್ಲಿ ತೇಲುವ ಪ್ರೋಟೀನುಗಳು. ಆದರೆ ಆ ತೇಲಾಟ ಪೂರ್ತಿ ಸ್ವಚ್ಛಂದವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳ ಪ್ರಕಾರ ಕೆಲವು ಪ್ರೋಟೀನುಗಳು ಪುಟ್ಟ ಗುಂಪುಗಳಾಗಿ ಕೂಡುತ್ತವೆ. ಹಾಗೆ ಕೂಡಿಸುವುದು ಪೊರೆಯ ಕೆಳಗಿರುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು.

ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಕೊಬ್ಬಿನ ಪದರವನ್ನು ಸಲೀಸಾಗಿ ದಾಟುತ್ತವೆ. ವಿದ್ಯುದಂಶ ಹೊತ್ತ ಸೋಡಿಯಂ, ಪೊಟ್ಯಾಸಿಯಂಗಳಿಗೆ ಆ ದಾರಿ ಇಲ್ಲ. ನೀರು ಮಾತ್ರ ದಾಟಬಲ್ಲದು. ಭರಣಿಯಲ್ಲಿ ಮಾವಿನ ಮಿಡಿಗೆ ಕಲ್ಲುಪ್ಪು ಬೆರೆಸಿಟ್ಟರೆ ಕೆಲವೇ ದಿನಗಳಲ್ಲಿ ನೀರೊಡೆದು, ಮಿಡಿ ಸುಕ್ಕುಗಟ್ಟುತ್ತದೆ. ಉಪ್ಪು ಒಳಗೆ ಹೋಗುವುದಕ್ಕಿಂತ ಬೇಗ ನೀರು ಹೊರಗೆ ಬರುತ್ತದೆ, ಇದೇ ಅಭಿಸರಣೆ. ಕೆಂಪುಕಣದಂಥ ಕೋಶಗಳಲ್ಲಿ ನೀರಿಗೆಂದೇ ಅಕ್ವಪೋರಿನ್ ಎಂಬ ಪ್ರೋಟೀನು ನಾಳಗಳಿವೆ. ಅವನ್ನು ಪತ್ತೆಮಾಡಿದ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಸಂದಿತು.

ಸೋಡಿಯಂನ ವಿಷಯದಲ್ಲಿ ಪೊರೆ ಶಕ್ತಿ ವ್ಯಯಿಸಿ ಕೆಲಸ ಮಾಡುತ್ತದೆ. 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೌ ಗುರುತಿಸಿದ ಸೋಡಿಯಂ-ಪೊಟ್ಯಾಸಿಯಂ ಪಂಪು, ಶಕ್ತಿ ಒದಗಿಸುವ ಒಂದು ಎಟಿಪಿ ಅಣುವಿನ ಖರ್ಚಿನಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಇದರಿಂದ ಕೋಶದೊಳಗೆ ಸೋಡಿಯಂ ಸದಾ ಕಡಿಮೆ. ಹೊರಗಿನ ಸೋಡಿಯಂ ಒಳನುಗ್ಗಲು ಕಾದಿರುತ್ತದೆ. ನರದ ಸಂದೇಶ ಓಡುವುದು ಈ ವ್ಯತ್ಯಾಸದ ಬಲದಿಂದಲೇ. ಸಣ್ಣಕರುಳು ಸಕ್ಕರೆಯನ್ನು ಹೀರುವುದೂ ಹಾಗೆಯೇ. ಕರುಳಿನ ಕೋಶಪೊರೆಯಲ್ಲಿರುವ ಒಂದು ಪ್ರೋಟೀನು ಎರಡು ಸೋಡಿಯಂ ಬಂದರೆ ಜೊತೆಗೆ ಒಂದು ಗ್ಲೂಕೋಸ್ ಅಣುವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್‌ನ ಈ ಜೋಡಿ ಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು.

ಈ ಪ್ರೋಟೀನಿನ ಬೆಲೆ ತಿಳಿಯುವುದು ಕಾಲರಾದಲ್ಲಿ. ರೋಗಾಣು ಸ್ರವಿಸುವ ವಿಷ ಈ ಕಾಯಿಲೆಗೆ ಕಾರಣವೆಂದು ಕೋಲ್ಕತ್ತದ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಆ ವಿಷ ಕರುಳಿನ ಕೋಶಪೊರೆಗೆ ಅಂಟಿ, ಒಳಹೊಕ್ಕು, ಕ್ಲೋರೈಡ್ ಬಾಗಿಲುಗಳನ್ನು ತೆರೆದೇ ಇಡುವಂತೆ ಮಾಡುತ್ತದೆ. ಕ್ಲೋರೈಡ್ ಹೋದಲ್ಲಿಗೆ ಸೋಡಿಯಂ, ಅದರ ಹಿಂದೆ ನೀರು. ಕೆಲವೇ ಗಂಟೆಗಳಲ್ಲಿ ದೇಹ ಒಣಗುತ್ತದೆ. ಬರೀ ನೀರು ಕುಡಿಸಿದರೆ ಕರುಳು ಹಿಡಿದಿಟ್ಟುಕೊಳ್ಳಲಾರದು. ಆದರೆ ಸಕ್ಕರೆ ಮತ್ತು ಸೋಡಿಯಂ ಜೊತೆಯಾಗಿ ದಾಟುವ ಆ ಬಾಗಿಲನ್ನು ವಿಷ ಕೆಡಿಸುವುದಿಲ್ಲ. ನೀರಿಗೆ ಉಪ್ಪನ್ನೂ ಸಕ್ಕರೆಯನ್ನೂ ಬೆರೆಸಿ ಕೊಟ್ಟರೆ ಎರಡೂ ಒಳಸೇರುತ್ತವೆ, ಅವುಗಳ ಜೊತೆ ನೀರೂ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಸಾಲದಾದಾಗ ವೈದ್ಯ ದಿಲೀಪ್ ಮಹಲನಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ಕದಡಿ ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಮನೆಯಲ್ಲೇ ಇದನ್ನು ತಯಾರಿಸಲು ಒಂದು ಲೀಟರ್ ಶುದ್ಧ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು.