ಹಲ್ಲಿನ ಡಾಕ್ಟರಿಗೂ ಮಗುವಿನ ಫೈಲು ತೋರಿಸಿ
(ಪೋಷಕರ ಸಭೆಯಲ್ಲಿ ದಂತವೈದ್ಯರು ಮಾಡಿದ ಭಾಷಣ)



ಮಗುವಿನ ಹೃದಯಕ್ಕೆ, ಫಿಟ್ಸಿಗೆ, ನಡಿಗೆಗೆ ಎಂದು ಆಸ್ಪತ್ರೆಗೆ ಅಲೆದು ನೀವು ದಣಿದಿದ್ದೀರಿ. ನಡುವೆ ನಾನು ಹಲ್ಲಿನ ಮಾತೆತ್ತಿದರೆ "ಹಾಲುಹಲ್ಲು ಅಲ್ರೀ, ಬಿದ್ದು ಹೋಗ್ತಾವ" ಎನ್ನುತ್ತೀರಿ. ನಿಮ್ಮನ್ನು ದೂರುವುದಿಲ್ಲ. ವೈದ್ಯರಾದ ನಾವೂ ಎಷ್ಟೋ ಸಲ ಬಾಯಿಯನ್ನು ಬಿಟ್ಟು ಉಳಿದ ಮೈಯನ್ನೆಲ್ಲ ನೋಡಿ ಕಳಿಸಿದ್ದೇವೆ.

ಮಾತು ಬಾರದ ಒಬ್ಬ ಹುಡುಗ ಹದಿನೈದು ದಿನದಿಂದ ರೊಟ್ಟಿ ಮುಟ್ಟುತ್ತಿರಲಿಲ್ಲ. ರಾತ್ರಿ ಕೆನ್ನೆಗೆ ಹೊಡೆದುಕೊಂಡು ಅಳುತ್ತಿದ್ದ. ಹಟ ಹೆಚ್ಚಾಗಿದೆ ಎಂದುಕೊಂಡು ಮನೆಯವರು ಗದರಿಸಿದ್ದರು. ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲಿನ ಬೇರಿನಲ್ಲಿ ಕೀವು! ನೋವು ಹೇಳಲಾರದ ಮಗು ಊಟ ಬಿಟ್ಟರೆ, ಒಂದೇ ಕಡೆ ಅಗಿದರೆ, ಕೈ ಕಚ್ಚಿಕೊಂಡರೆ ಮೊದಲು ಬಾಯಿ ನೋಡಿಸಿ.

ಹೃದಯದ ತೊಂದರೆಯಿರುವ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಬಾಯಿಯ ರೋಗಾಣು ರಕ್ತಕ್ಕಿಳಿದು ಹೃದಯದ ಒಳಪೊರೆಗೆ ಸೋಂಕು ತರಬಹುದು. ಅದು ಪ್ರಾಣಕ್ಕೇ ಅಪಾಯ. ಮೈ ನೀಲಿಗಟ್ಟುವ ತೊಂದರೆಯಿದ್ದು ಆಪರೇಷನ್ ಆಗದವರು, ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಇಂಥ ಸೋಂಕು ಬಂದವರು ಹಲ್ಲು ಕೀಳಿಸುವ 30ರಿಂದ 60 ನಿಮಿಷ ಮೊದಲು ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಹೃದಯದ ತೊಂದರೆಯಿರುವ ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಆದ್ದರಿಂದ ಹೃದಯದ ಡಾಕ್ಟರಿಂದ ಚೀಟಿ ಬರೆಸಿ ತನ್ನಿ. ಹೃದಯದ ಆಪರೇಷನ್ ಗೊತ್ತಾದರೆ ಅದಕ್ಕೆ ಮೊದಲೇ ಹುಳುಕು ಹಲ್ಲನ್ನು ಸರಿಪಡಿಸಿಕೊಳ್ಳಿ. ಹಿಮೋಫಿಲಿಯಾ ಇದ್ದರಂತೂ ರಕ್ತದ ಡಾಕ್ಟರನ್ನು ಕೇಳದೆ ಹಲ್ಲು ಕೀಳಿಸಲೇಬೇಡಿ.

ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದ ಕೆಲವರಿಗೆ ಒಸಡು ಬೆಳೆದು ಹಲ್ಲನ್ನೇ ಮುಚ್ಚುತ್ತದೆ. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸುತ್ತದೆ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಒಸಡು ತೋರಿಸಿ. ಬದಲಿ ಔಷಧಿ ಕೊಡಬಹುದೇ ಎಂದು ಅವರು ನೋಡುತ್ತಾರೆ. ಸಿಹಿ ಸಿರಪ್ ಕುಡಿಸಿ ಹಾಗೇ ಮಲಗಿಸಿದರೆ ರಾತ್ರಿಯಿಡೀ ಸಕ್ಕರೆ ಹಲ್ಲಿಗೆ ಅಂಟಿರುತ್ತದೆ. ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿ, ಸಕ್ಕರೆಯಿಲ್ಲದ ಸಿರಪ್ ಇದೆಯೇ ಎಂದೂ ಕೇಳಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗ ಹುಳುಕು ಹಲ್ಲನ್ನೂ ನೋಡುತ್ತಾರೆ. ಅವರು ಕೊಟ್ಟ ಚೀಟಿ ಎಸೆಯಬೇಡಿ.

ಮಗುವಿಗೆ ವರ್ಷ ತುಂಬುವುದರೊಳಗೆ ಒಮ್ಮೆ ನಮ್ಮ ಬಳಿ ಕರೆತನ್ನಿ. ಹಳೆಯ ಫೈಲು, ಈಗ ನಡೆಯುತ್ತಿರುವ ಔಷಧಿ ಎಲ್ಲ ಜೊತೆಗಿರಲಿ. ಬ್ರಷ್ಷನ್ನೂ ತನ್ನಿ, ಕೈ ಬಿಗಿಯಾಗದ ಮಗುವಿಗೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದನ್ನೂ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲುಜ್ಜುವುದನ್ನೂ ತೋರಿಸಿಕೊಡುತ್ತೇವೆ.