ಆಸ್ಪತ್ರೆಗೂ ಊರಿಗೂ ನಡುವೆ ಒಂದು ಮನೆ



ತೋಟದಲ್ಲಿ ಕೆಲಸ ಹೋದರೆ ಕೂಲಿ ಮಾತ್ರ ಹೋಗುವದಿಲ್ಲ, ಲೈನ್ ಮನೆಯೂ ಹೋಗುವದು. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಮನೆ ಕೊಡುವ ಹೊಣೆಯನ್ನು ತೋಟದವರ ಮೇಲೆ ಹೊರಿಸಿತು, ಒಳ್ಳೇದೇ ಆಯಿತು. ಆದರೆ ಅದು ಕೆಲಸಕ್ಕೆ ಕಟ್ಟಿಹಾಕಿದ ಮನೆ. ಕುಡಿತದಿಂದ ಹಾಜರಿ ತಪ್ಪಿದವನ ಹೆಸರು ಮೊದಲು ಚೆಕ್‌ರೋಲಿನಿಂದ ಹೋಗುತ್ತದೆ, ಆಮೇಲೆ ಬಾಗಿಲಿಗೆ ಬೀಗ ಬೀಳುತ್ತದೆ.

ಇಂಥವನೊಬ್ಬ ಚಿಕಿತ್ಸೆ ಮುಗಿಸಿ ಬಸ್ಸಿಳಿದು ಬಂದನೆಂದಿಟ್ಟುಕೊಳ್ಳೋಣ. ಕೈ ನಡುಕ ನಿಂತಿದೆ, ಊಟ ಸೇರುತ್ತದೆ. ರಾತ್ರಿ ಎಲ್ಲಿ ಮಲಗುವನು? ತಮ್ಮನ ಜಗಲಿಯಲ್ಲಿ ಎರಡು ದಿನ, ಅತ್ತೆಯ ಮನೆಯಲ್ಲಿ ನಾಲ್ಕು ದಿನ. ಆಮೇಲೆ ಪೇಟೆಯ ಬಸ್ ಸ್ಟ್ಯಾಂಡು. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಹಳೆಯ ಕುಡುಕ ಗೆಳೆಯರೇ. ಮನಸ್ಸು ಗಟ್ಟಿಮಾಡಿಕೋ ಎಂದು ನಾವೆಲ್ಲರೂ ಅವನಿಗೆ ಬುದ್ಧಿ ಹೇಳಿದ್ದೇವೆ. ಮಲಗಲು ಚಾಪೆ ಹಾಸಿದವರು ನಮ್ಮಲ್ಲಿ ಎಷ್ಟು ಜನ?

ಅಮೆರಿಕದಲ್ಲಿ ಇದೇ ಕಷ್ಟಕ್ಕೆ ಕೆಲವರು ಕಂಡುಕೊಂಡ ದಾರಿಯನ್ನು ಇಂದು ನಿಮ್ಮ ಮುಂದಿಡುತ್ತೇವೆ. ಮೇರಿಲ್ಯಾಂಡ್ ಸಂಸ್ಥಾನದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಕುಡಿತ ಬಿಟ್ಟವರಿಗಾಗಿ ಸರಕಾರದ ಹಣದಿಂದ ಒಂದು ತಂಗುಮನೆ ನಡೆಯುತ್ತಿತ್ತು. ಆರು ತಿಂಗಳಾದರೆ ಅಲ್ಲಿಂದ ಹೊರಡಬೇಕು. ಹಾಗೆ ಹೊರಟವರಲ್ಲಿ ಅನೇಕರು ಮತ್ತೆ ಕುಡಿತಕ್ಕೇ ಬಿದ್ದರು. 1975ರಲ್ಲಿ ಹಣ ಉಳಿಸಬೇಕೆಂದು ಆ ಮನೆಯನ್ನೇ ಮುಚ್ಚಲು ತೀರ್ಮಾನವಾಯಿತು. ಆಗ ಒಳಗಿದ್ದವರು ಬೇಡಲು ಹೋಗಲಿಲ್ಲ, ಕೂತು ಲೆಕ್ಕಹಾಕಿದರು. ಬಾಡಿಗೆ ಇಷ್ಟು, ಊಟ ಇಷ್ಟು, ತಲೆಗೆ ಇಷ್ಟು. ಅದೇ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ಅವರಲ್ಲಿ ಪಾಲ್ ಮೊಲ್ಲೊಯ್ ಎಂಬವರು ಸೆನೆಟ್ ಸಮಿತಿಯಲ್ಲಿ ಕೆಲಸಮಾಡಿದ ವಕೀಲರು. ಓದಿದವರನ್ನೂ ಕುಡಿತ ಬಿಡುವದಿಲ್ಲ, ನೋಡಿ.

ಮನೆಗೆ ಆಕ್ಸ್‌ಫರ್ಡ್ ಹೌಸ್ ಎಂದು ಹೆಸರಿಟ್ಟರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದ ನೆನಪಿಗೆ ಆ ಹೆಸರು. 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದವರು ಆ ಕೂಟದಲ್ಲಿ ಕಲಿತವರಾಗಿದ್ದರು.

ಅಲ್ಲಿ ವಾರ್ಡನ್ ಇಲ್ಲ. ವಾರಕ್ಕೊಮ್ಮೆ ಎಲ್ಲರೂ ಕೂಡುತ್ತಾರೆ. ಒಬ್ಬೊಬ್ಬನಿಗೂ ಒಂದು ವೋಟು. ಹಣ ಇಡುವವನನ್ನೂ, ಕೆಲಸ ಹಂಚುವವನನ್ನೂ ತಾವೇ ಆರಿಸುತ್ತಾರೆ. ಆರು ತಿಂಗಳಿಗೆ ಬದಲಾಯಿಸುತ್ತಾರೆ. ಹೊಸಬನನ್ನು ಸೇರಿಸುವದಾದರೆ ನೂರಕ್ಕೆ ಎಂಬತ್ತು ವೋಟು ಬೇಕು. ಖರ್ಚು ಎಲ್ಲರದು. ಇಷ್ಟೇ ದಿನ ಇರಬೇಕೆಂಬ ಗಡುವಿಲ್ಲ. ಆದರೆ ಮತ್ತೆ ಕುಡಿದರೆ ಆ ಹೊತ್ತೇ ಹೊರಗೆ. ನಿನ್ನೆ ತನಕ ಬೇರೆಯವರ ಕಣ್ಣು ತಪ್ಪಿಸಿ ಬದುಕಿದವನ ಕೈಗೆ ಮನೆಯ ಹಣದ ಪೆಟ್ಟಿಗೆ ಕೊಡುವದು ಹುಚ್ಚೆಂದು ತೋರಬಹುದು. ನಮಗೂ ಮೊದಲು ಹಾಗೇ ತೋರಿತು. ಆದರೆ ಬಾಡಿಗೆಯ ದಿನ ಬಂದಾಗ ಇತರ ಏಳೆಂಟು ಜನ ತನ್ನ ಮುಖ ನೋಡುತ್ತಾರೆಂಬದು ಸಣ್ಣ ವಿಷಯವಲ್ಲ.

1988ರ ಒಂದು ಕಾಯಿದೆಯಿಂದ ಇಂಥ ಮನೆ ತೆರೆಯುವವರಿಗೆ 4,000 ಡಾಲರ್ ಸಾಲ ಸಿಗುವಂತಾಯಿತು. ಎರಡು ವರ್ಷದಲ್ಲಿ ತೀರಿಸಬೇಕು. ಈಗ ಮೂರು ಸಾವಿರಕ್ಕೂ ಹೆಚ್ಚು ಮನೆಗಳಿವೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕೆಲವು ಮನೆಗಳಲ್ಲಿ ತಾಯಂದಿರು ಮಕ್ಕಳೊಡನೆ ಇರಬಹುದು. ನೆರೆಯವರ ತಕರಾರೂ ಬಂತು. ಎಡ್ಮಂಡ್ಸ್ ಎಂಬ ಪಟ್ಟಣದವರ ವ್ಯಾಜ್ಯ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗಿ, 1995ರಲ್ಲಿ ತೀರ್ಪು ಮನೆಯವರ ಕಡೆಗಾಯಿತು.

ಇದು ಬರೀ ಮಾತೋ ಎಂದು ಕೇಳುವವರಿಗೆ ಒಂದು ಲೆಕ್ಕ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದವರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಜನ ಈ ಮನೆಗಳಿಗೆ ಹೋದರು, ಉಳಿದವರು ವಾಡಿಕೆಯ ದಾರಿ ಹಿಡಿದರು. ಎರಡು ವರ್ಷವಾದ ಮೇಲೆ ನೋಡಿದರೆ ಮನೆಗೆ ಹೋದವರಲ್ಲಿ ನೂರಕ್ಕೆ 31 ಮಂದಿ, ಉಳಿದವರಲ್ಲಿ ನೂರಕ್ಕೆ 65 ಮಂದಿ ಮತ್ತೆ ಕುಡಿತಕ್ಕೋ ಮಾದಕಕ್ಕೋ ಕೈಹಾಕಿದ್ದರು. 2006ರಲ್ಲಿ ಇದು ಅಚ್ಚಾಯಿತು. 31 ಕೂಡ ಸಣ್ಣ ಸಂಖ್ಯೆಯಲ್ಲ, ಮರೆಯಬೇಡಿ.

ಒಂದು ಎಚ್ಚರಿಕೆ. ದಿನಾ ಕುಡಿಯುತ್ತಿದ್ದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಬೇಡಿರಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಪ್ರಾಣವೂ ಹೋಗಬಹುದು. ಮೊದಲು ಆಸ್ಪತ್ರೆ, ಅದರ ನಂತರವೇ ಈ ಮನೆ.

ಅಲ್ಲಿಯ ಸಂಬಳ ಬೇರೆ, ನಮ್ಮ ಕೂಲಿ ಬೇರೆ ಎನ್ನುವಿರಿ, ನಿಜವೇ. ಲೈನ್ ಮನೆಯಲ್ಲಿ ಇದನ್ನು ನಡೆಸುವದಕ್ಕೂ ಆಗದು, ಅದು ತೋಟದ್ದು. ಪೇಟೆಯಲ್ಲಿ, ಕುಡಿತದ ಅಂಗಡಿಯಿಂದ ದೂರ, ಎರಡು ಕೋಣೆ ಹಿಡಿದು ಕೂಲಿಗೆ ಹೋಗುವ ನಾಲ್ಕೈದು ಜನ ಸೇರಿದರೆ ಬಾಡಿಗೆ ಹೊರಡಬಹುದು. ಮುಂಗಡ ಹಣ, ಮೊದಲ ತಿಂಗಳ ಅಕ್ಕಿ, ಎರಡು ಪಾತ್ರೆ ನಾವು ಕೂಡಿಸಬೇಕಾದೀತು.

ಮತ್ತೆ ಕುಡಿದವನನ್ನು ಹೊರಗೆ ಹಾಕಿದರೆ ಅವನೆಲ್ಲಿ ಹೋಗಬೇಕು ಎಂದು ಒಬ್ಬ ತಾಯಿ ಈಗ ಕೇಳಿದರು. ಅಮ್ಮಾ, ಆ ಮನೆಯವರು ಅವನನ್ನು ಚಿಕಿತ್ಸೆಗೆ ಕಳುಹಿಸಲು ನೋಡುತ್ತಾರೆ. ಸುಧಾರಿಸಿಕೊಂಡ ಮೇಲೆ ಅವನು ಪುನಃ ಕೇಳಬಹುದು, ಪುನಃ ವೋಟು ಹಾಕುತ್ತಾರೆ. ಆದರೆ ಆ ಒಂದು ರಾತ್ರಿಗೆ ನಮ್ಮಲ್ಲಿ ಜಾಗವೆಲ್ಲಿ ಎಂಬದನ್ನು ಕೋಣೆ ಹಿಡಿಯುವ ಮೊದಲೇ ನಾವು ಕೂತು ಮಾತಾಡಬೇಕು.