ಕಾಯೋತ್ಸರ್ಗ ಮತ್ತು ಮನಸ್ಸಿನ ನೋವು
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

 

ಜಿನಬಿಂಬಗಳಿಗೆ ಇರುವ ಭಂಗಿಗಳು ಎರಡೇ. ಒಂದು ಪದ್ಮಾಸನ, ಇನ್ನೊಂದು ಕಾಯೋತ್ಸರ್ಗ. ಇತರ ದೇವಾಲಯಗಳ ವಿಗ್ರಹಗಳಂತೆ ಇಲ್ಲಿ ಆಯುಧವಿಲ್ಲ, ಅಭಯಹಸ್ತವಿಲ್ಲ, ನೃತ್ಯವಿಲ್ಲ. ಕುಳಿತಿರಬೇಕು, ಇಲ್ಲವೆ ನಿಂತಿರಬೇಕು; ಎರಡರಲ್ಲಿಯೂ ಅಲುಗಾಟವಿಲ್ಲ. ಇಪ್ಪತ್ನಾಲ್ವರು ತೀರ್ಥಂಕರರಲ್ಲಿ ವೃಷಭನಾಥ, ವಾಸುಪೂಜ್ಯ, ನೇಮಿನಾಥ ಈ ಮೂವರು ಕುಳಿತ ಭಂಗಿಯಲ್ಲಿಯೂ ಉಳಿದ 21 ಮಂದಿ ನಿಂತ ಭಂಗಿಯಲ್ಲಿಯೂ ಮುಕ್ತರಾದರೆಂದು ಪರಂಪರೆ ಹೇಳುತ್ತದೆ. ಪ್ರತಿಷ್ಠೆಯ ಈ ದಿನಗಳಲ್ಲಿ ಬಿಂಬಕ್ಕೆ ಅಭಿಷೇಕವಾಗುತ್ತದೆ, ಪೂಜೆಯಾಗುತ್ತದೆ, ಮೆರವಣಿಗೆಯಾಗುತ್ತದೆ. ಆದರೆ ಆ ಬಿಂಬ ಏನು ಮಾಡುತ್ತಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅದು ದೇಹವನ್ನು ಬಿಡುತ್ತಿದೆ. ಕಾಯದ ಉತ್ಸರ್ಗ, ಅಂದರೆ ದೇಹದ ಮೇಲಿನ ಮಮತೆಯ ತ್ಯಾಗ, ಆ ಭಂಗಿಯ ಅರ್ಥ.

ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಎಂಬ ಆರು ಆವಶ್ಯಕಗಳ ವಿವರಣೆಯನ್ನು ವಟ್ಟಕೇರಾಚಾರ್ಯರದೆಂದು ಪ್ರಸಿದ್ಧವಾದ ಮೂಲಾಚಾರದಲ್ಲಿ ಕಾಣಬಹುದು. ಎರಡು ಪಾದಗಳ ನಡುವೆ ನಾಲ್ಕು ಅಂಗುಲ ಅಂತರ, ಇಳಿಬಿಟ್ಟ ತೋಳುಗಳು, ಯಾವ ಅಂಗವೂ ಚಲಿಸದ ನಿಲವು. ಕಾಲವನ್ನು ಅಳೆಯುವುದು ಗಳಿಗೆಬಟ್ಟಲಿನಿಂದಲ್ಲ, ಉಸಿರಿನಿಂದ. ಹಗಲಿನ ಪ್ರತಿಕ್ರಮಣಕ್ಕೆ 108 ಉಚ್ಛ್ವಾಸ, ರಾತ್ರಿಯದಕ್ಕೆ 54, ಪಕ್ಷಕ್ಕೊಮ್ಮೆ 300, ಚಾತುರ್ಮಾಸಕ್ಕೆ 400, ಸಂವತ್ಸರಕ್ಕೆ 500. ಗೃಹಸ್ಥರು ಬಸದಿಯಲ್ಲಿ ಸಾಮಾನ್ಯವಾಗಿ ಮಾಡುವುದು 27 ಉಚ್ಛ್ವಾಸಗಳ ಕಾಯೋತ್ಸರ್ಗ. ಒಂಬತ್ತು ಸಲ ಪಂಚನಮಸ್ಕಾರ, ಒಂದೊಂದಕ್ಕೆ ಮೂರು ಉಸಿರು. ಅರಿಹಂತ ಸಿದ್ಧರಿಗೆ ಒಂದು, ಆಚಾರ್ಯ ಉಪಾಧ್ಯಾಯರಿಗೆ ಒಂದು, ಸರ್ವಸಾಧುಗಳಿಗೆ ಒಂದು.

ಲೆಕ್ಕ ಬಲ್ಲ ವ್ಯಾಪಾರಿಗಳೇ ಹೆಚ್ಚಾಗಿರುವ ಈ ಸಭೆಯಲ್ಲಿ ಒಂದು ಲೆಕ್ಕ ಹೇಳಬಹುದು. ಸುಮ್ಮನೆ ಕುಳಿತ ಆರೋಗ್ಯವಂತನು ನಿಮಿಷಕ್ಕೆ ಸುಮಾರು 12ರಿಂದ 18 ಸಲ ಉಸಿರಾಡುತ್ತಾನೆ. ಆ ಪ್ರಕಾರ 27 ಉಸಿರಿಗೆ ಒಂದೂವರೆ ನಿಮಿಷವಾದರೂ ಬೇಕು. ಉಸಿರು ತಾನಾಗಿ ನಿಧಾನವಾಗಿ ನಿಮಿಷಕ್ಕೆ ಆರಕ್ಕೆ ಇಳಿದರೆ ನಾಲ್ಕೂವರೆ ನಿಮಿಷ. ಆದರೆ ಬೆಳಗ್ಗೆ ಅಂಗಡಿ ತೆರೆಯುವ ಅವಸರದಲ್ಲಿ ಬಸದಿಗೆ ಬರುವ ಅನೇಕರು ಒಂಬತ್ತು ನಮಸ್ಕಾರಗಳನ್ನು ಒಂದು ನಿಮಿಷದೊಳಗೆ ಮುಗಿಸುತ್ತಾರೆ. ಮಂತ್ರ ಪೂರ್ತಿಯಾಗಿರುತ್ತದೆ, ಉಸಿರು ಬಾಕಿಯಿರುತ್ತದೆ.

ಮಲೆನಾಡಿನ ಅಂಚಿನ ಪೇಟೆಯೊಂದರಲ್ಲಿ ಜವಳಿ ವ್ಯಾಪಾರ ಮಾಡುವ ಶ್ರಾವಕರೊಬ್ಬರಿದ್ದಾರೆ. ಅವರ ಹೆಸರು ಹೇಳುವುದಕ್ಕೆ ಅವರ ಒಪ್ಪಿಗೆಯಿಲ್ಲ. ವೃತ್ತಾಂತ ಹೇಳುವುದಕ್ಕೆ ಇದೆ. ಅವರಿಗೆ ಒಬ್ಬ ತಮ್ಮನಿದ್ದರು. ತಂದೆ ಕಟ್ಟಿದ ಅಂಗಡಿ 2008ರಲ್ಲಿ ಪಾಲಾಯಿತು. ನಡುವೆ ಒಂದು ಗೋಡೆ ಎದ್ದಿತು. ಆ ಗೋಡೆ ಯಾರ ಜಾಗದಲ್ಲಿ ಎಷ್ಟು ಇಂಚು ನಿಂತಿದೆ ಎಂಬ ವಿಷಯವಾಗಿ ವ್ಯಾಜ್ಯವೂ ಎದ್ದಿತು. ಒಂದೇ ಬಸದಿಗೆ ಇಬ್ಬರೂ ಬರುತ್ತಿದ್ದರು, ಬೇರೆ ಬೇರೆ ಹೊತ್ತಿಗೆ. ಪರ್ಯುಷಣದ ಕೊನೆಗೆ ಊರಿನವರೆಲ್ಲರ ಬಳಿ ಕ್ಷಮೆ ಕೇಳಿದ ಅಣ್ಣ, ಗೋಡೆಯ ಆಚೆಗೆ ಮಾತ್ರ ಹೋಗಲಿಲ್ಲ. 2017ರಲ್ಲಿ ತಮ್ಮ ಹೃದಯಾಘಾತದಿಂದ ತೀರಿಕೊಂಡರು. ಒಂಬತ್ತು ವರ್ಷ ಮಾತಿರಲಿಲ್ಲ.

ಅಣ್ಣ ಸಂಸ್ಕಾರಕ್ಕೆ ಹೋದರು, ಕಣ್ಣೀರು ಬರಲಿಲ್ಲ. ಮಾರನೆಯ ತಿಂಗಳಿನಿಂದ ಅವರಿಗೆ ನಿದ್ರೆ ಹೋಯಿತು. ಎದೆಯಲ್ಲಿ ಕಲ್ಲಿಟ್ಟಂತೆ ಭಾರ, ದವಡೆಯಲ್ಲಿ ನೋವು, ಅಂಗಡಿಯ ಹುಡುಗರ ಮೇಲೆ ಕಾರಣವಿಲ್ಲದ ಕೋಪ. ಇ.ಸಿ.ಜಿ. ಆಯಿತು, ರಕ್ತಪರೀಕ್ಷೆಯಾಯಿತು. ಹೃದಯದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದರು. ಹಾಗಾದರೆ ನೋವು ಎಲ್ಲಿಯದು ಎಂದು ಕೇಳಿದಾಗ, ಮನಸ್ಸಿನದು ಎಂದರು. ಆ ಮಾತಿನಿಂದ ಅವರಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತಂತೆ. ನಿತ್ಯ ಬಸದಿಗೆ ಹೋಗುವವನಿಗೆ ಮನಸ್ಸಿನ ಕಾಯಿಲೆಯೆ?

ಒಂದು ಸಂಜೆ ಬಸದಿಯಲ್ಲಿ ಜನವಿರಲಿಲ್ಲ. ಅವರು ಎಂದಿನಂತೆ ಕಾಯೋತ್ಸರ್ಗಕ್ಕೆ ನಿಂತಿದ್ದರು. ದೀಪಕ್ಕೆ ಎಣ್ಣೆ ಹಾಕಲು ಬಂದ ವೃದ್ಧ ಪುರೋಹಿತರು ಸ್ವಲ್ಪ ಹೊತ್ತು ನೋಡಿ, ಮುಗಿದ ಮೇಲೆ ಒಂದೇ ಮಾತು ಹೇಳಿದರು: "ಶೆಟ್ಟರೆ, ಕೈಯಲ್ಲಿ ಬೇಲದ ಹಣ್ಣು ಹಿಡಿದಿದ್ದೀರಿ." ಶೆಟ್ಟರು ತಮ್ಮ ಬಲಗೈ ನೋಡಿಕೊಂಡರು. ಮುಷ್ಟಿ ಬಿಗಿದಿತ್ತು. ಬಿಗಿದದ್ದು ಅವರಿಗೆ ತಿಳಿದೇ ಇರಲಿಲ್ಲ.

ಪುರೋಹಿತರು ಆಡಿದ್ದು ಚಮತ್ಕಾರದ ಮಾತಲ್ಲ, ಶಾಸ್ತ್ರದ ಮಾತು. ಮೂಲಾಚಾರ ಕಾಯೋತ್ಸರ್ಗಕ್ಕೆ 32 ದೋಷಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಕಪಿತ್ಥದೋಷ, ಬೇಲದ ಹಣ್ಣು ಹಿಡಿದವನಂತೆ ಮುಷ್ಟಿ ಕಟ್ಟಿ ನಿಲ್ಲುವುದು. ಈ ಪಟ್ಟಿಯನ್ನು ಪಂಡಿತರು ಬಾಯಿಪಾಠ ಮಾಡಿಸುತ್ತಿದ್ದ ಕಾಲವಿತ್ತು; ಈಗ ಹೆಸರು ಕೇಳಿದವರೂ ಕಡಿಮೆ. ಕುದುರೆಯಂತೆ ಒಂದು ಕಾಲನ್ನು ಸಡಿಲಿಸಿ ನಿಂತರೆ ಘೋಟಕ. ಬಳ್ಳಿಯಂತೆ ತೂಗಾಡಿದರೆ ಲತಾ. ಕಂಬಕ್ಕೆ ಒರಗಿದರೆ ಸ್ತಂಭ, ಗೋಡೆಗೆ ಒರಗಿದರೆ ಕುಡ್ಯ. ಕಾಗೆಯಂತೆ ಓರೆಯಾಗಿ ನೋಡುವುದು ವಾಯಸ. ಬಸದಿಗೆ ಯಾರು ಬಂದರು, ಯಾವ ಸೀರೆ ಉಟ್ಟರು ಎಂದು ನೋಡುವವರೆಲ್ಲ ಈ ದೋಷಕ್ಕೆ ಸೇರಿದವರೇ. ಕಡಿವಾಣ ಕಚ್ಚಿದ ಕುದುರೆಯಂತೆ ಹಲ್ಲು ಕಡಿಯುವುದು ಖಲೀನ. ನೊಗ ಹೊತ್ತ ಎತ್ತಿನಂತೆ ಕೊರಳು ಚಾಚುವುದು ಯುಗ. ಹುಬ್ಬು ಕುಣಿಸುವುದು, ತಲೆ ಅಲುಗಿಸುವುದು, ಬೆರಳಿನಲ್ಲಿ ಎಣಿಸುವುದು, ಅಮಲೇರಿದವನಂತೆ ಓಲಾಡುವುದು, ಎಲ್ಲಕ್ಕೂ ಒಂದೊಂದು ಹೆಸರಿದೆ.

ಇದನ್ನು ಬರಿಯ ಶಿಸ್ತಿನ ಪಟ್ಟಿ ಎಂದು ತಿಳಿದರೆ ಅದರ ಬೆಲೆ ತಿಳಿಯುವುದಿಲ್ಲ. ಕೋಪ ಎಲ್ಲಿ ಅಡಗುತ್ತದೆ? ಹಲ್ಲಿನಲ್ಲಿ. ಲೋಭ? ಬೆರಳಿನಲ್ಲಿ, ಮುಷ್ಟಿಯಲ್ಲಿ. ಚಿಂತೆ? ಹುಬ್ಬಿನಲ್ಲಿ, ಕೊರಳಿನಲ್ಲಿ. ಮನುಷ್ಯನು ಮಾತಿನಿಂದ ಅದನ್ನು ಮರೆಮಾಡಬಹುದು, ತನ್ನಿಂದ ತಾನೇ ಮರೆಮಾಡಿಕೊಳ್ಳಬಹುದು. ದೇಹ ಮಾತ್ರ ಸುಳ್ಳು ಖಾತೆ ಬರೆಯುವುದಿಲ್ಲ. ದೇಹವನ್ನು ಬಿಡಬೇಕೆಂದು ಉಪದೇಶಿಸಿದ ಆಚಾರ್ಯರೇ ಅದರ ಒಂದೊಂದು ಅಂಗವನ್ನೂ ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದೇಕೆ ಎಂದರೆ, ಯಾವುದನ್ನು ಹಿಡಿದಿದ್ದೇನೆಂದು ತಿಳಿಯದವನು ಅದನ್ನು ಬಿಡಲಾರ. ಬಿಡುವುದಕ್ಕಿಂತ ಮೊದಲು ಅರಿಯಬೇಕು.

ಅದೇ ಗ್ರಂಥದಲ್ಲಿ ಇನ್ನೊಂದು ವಿಭಾಗವಿದೆ. ದೇಹವೂ ನಿಂತು, ಮನಸ್ಸು ಧರ್ಮಧ್ಯಾನದಲ್ಲಿದ್ದರೆ ಅದು ಉತ್ಥಿತೋತ್ಥಿತ. ದೇಹ ನಿಂತಿದ್ದು ಮನಸ್ಸು ಆರ್ತ ರೌದ್ರಗಳಲ್ಲಿ ಮುಳುಗಿದ್ದರೆ ಉತ್ಥಿತನಿವಿಷ್ಟ, ನಿಂತೂ ಕುಳಿತವನು. ದೇಹ ಕುಳಿತಿದ್ದರೂ ಮನಸ್ಸು ಶುಭಧ್ಯಾನದಲ್ಲಿದ್ದರೆ ಉಪವಿಷ್ಟೋತ್ಥಿತ, ಕುಳಿತೂ ನಿಂತವನು. ಎರಡೂ ಇಲ್ಲದ್ದು ನಾಲ್ಕನೆಯದು. ಮಂಡಿನೋವಿನಿಂದ ನಿಲ್ಲಲಾರದೆ ಮೂಲೆಯಲ್ಲಿ ಕುಳಿತ ಅಜ್ಜಿಯರು ಸಂಕೋಚಪಡಬೇಕಾದುದಿಲ್ಲ; ಸಂಕೋಚಪಡಬೇಕಾದವರು ಬೇರೆ ಇದ್ದಾರೆ.

ಆರ್ತಧ್ಯಾನಕ್ಕೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ನಾಲ್ಕು ಮೂಲಗಳನ್ನು ಹೇಳಿದೆ: ಬೇಡವಾದುದರ ಸಂಯೋಗ, ಬೇಕಾದುದರ ವಿಯೋಗ, ದೇಹದ ವೇದನೆ, ಮುಂದಿನ ಭೋಗದ ಬಯಕೆ. ಇಂದಿನ ಮನೋವೈದ್ಯರ ಕೋಣೆಯ ಹೊರಗೆ ಕಾದು ಕುಳಿತವರ ದುಃಖಗಳಲ್ಲಿ ಬಹುಪಾಲು ಈ ನಾಲ್ಕರೊಳಗೆ ಬರುತ್ತವೆ. ಶೆಟ್ಟರದು ವಿಚಿತ್ರವಾಗಿತ್ತು. ತಮ್ಮನು ಬದುಕಿದ್ದಾಗ ಅನಿಷ್ಟಸಂಯೋಗ, ಸತ್ತ ಮೇಲೆ ಇಷ್ಟವಿಯೋಗ. ಒಬ್ಬನೇ ಮನುಷ್ಯನಿಂದ ಎರಡೂ.

ಪುರೋಹಿತರು ಅವರಿಗೆ ಹೊಸ ಮಂತ್ರವನ್ನೇನೂ ಕೊಡಲಿಲ್ಲ. ಇಪ್ಪತ್ತೇಳು ಉಸಿರನ್ನು ಇಪ್ಪತ್ತೇಳು ಉಸಿರಾಗಿಯೇ ಮಾಡಿ, ಎಲ್ಲಿ ಬಿಗಿದಿದೆ ನೋಡಿ, ಬಿಡಲು ಅವಸರಪಡಬೇಡಿ ಎಂದರು. ಮೊದಲ ವಾರ ಶೆಟ್ಟರಿಗೆ ಬಿಗಿತವಲ್ಲದೆ ಬೇರೇನೂ ಕಾಣಲಿಲ್ಲ. ನೋವು ಹೆಚ್ಚಾದಂತೆಯೂ ತೋರಿತು. ಮೂರನೆಯ ವಾರದಲ್ಲೊಂದು ಸಂಜೆ ದವಡೆ ಸಡಿಲವಾಯಿತು, ಅದರ ಹಿಂದೆಯೇ ತುಟಿ ನಡುಗಿತು, ಸಂಸ್ಕಾರದ ದಿನ ಬಾರದ ಅಳು ಅಂದು ಬಂದಿತು. ಕಂಬಕ್ಕೆ ಒರಗಿ ಅತ್ತರು. ಸ್ತಂಭದೋಷ ಎಂದು ಪುರೋಹಿತರು ಹೇಳಲಿಲ್ಲ, ದೀಪದ ಕಡೆಗೆ ತಿರುಗಿ ನಿಂತರು.

ಹೊರಗಿನ ಜಗತ್ತಿನ ಅನುಭವವೂ ಇದಕ್ಕೆ ದೂರವಾಗಿಲ್ಲ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ನಾಯುಗಳ ಬಿಗಿತವನ್ನು ಒಂದೊಂದಾಗಿ ಗುರುತಿಸಿ ಸಡಿಲಿಸುವುದರಿಂದ ಮನಸ್ಸಿನ ಉದ್ವೇಗ ಇಳಿಯುತ್ತದೆಂದು ಪ್ರತಿಪಾದಿಸಿದರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್ ಜಿನ್ ಆರಂಭಿಸಿದ ಶಿಬಿರಗಳಲ್ಲಿ ಕಾಲ್ಬೆರಳಿನಿಂದ ತಲೆಯವರೆಗೆ ದೇಹವನ್ನು ಮನಸ್ಸಿನಿಂದ ಸವರಿ ನೋಡುವ ಅಭ್ಯಾಸ ಮುಖ್ಯವಾಯಿತು. ಅದರ ಮೂಲ ಬೌದ್ಧ ಸಾಧನೆಗಳಲ್ಲಿದೆ. ಅವರೆಲ್ಲ ಜೈನಾಗಮದಿಂದ ಕದ್ದರೆಂದು ಹೇಳಿಕೊಳ್ಳುವ ಚಪಲ ಬೇಡ. ಜೈನರಲ್ಲಿಯೇ ಶ್ವೇತಾಂಬರ ತೇರಾಪಂಥದ ಆಚಾರ್ಯ ತುಳಸಿಯವರ ಮಾರ್ಗದರ್ಶನದಲ್ಲಿ, ಮುಂದೆ ಆಚಾರ್ಯ ಮಹಾಪ್ರಜ್ಞರೆಂದು ಪ್ರಸಿದ್ಧರಾದ ಮುನಿ ನಥಮಲರು 1975ರಲ್ಲಿ ಪ್ರೇಕ್ಷಾಧ್ಯಾನವನ್ನು ರೂಪಿಸಿದರು. ಅದರ ಮೊದಲ ಮೆಟ್ಟಿಲು ಕಾಯೋತ್ಸರ್ಗವೇ. ದಿಗಂಬರರ ಬಸದಿಗಳಲ್ಲಿ ಅದೇ ಕಾಯೋತ್ಸರ್ಗ ಒಂದು ನಿಮಿಷದಲ್ಲಿ ಮುಗಿಯುತ್ತಿರುವುದು ಯೋಚಿಸತಕ್ಕ ವಿಷಯ.

ಶರೀರಶಾಸ್ತ್ರದ ಪ್ರಕಾರ, ಭಯ ಕೋಪಗಳಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಉಸಿರು ನಿಧಾನವಾದಾಗ, ಅದರಲ್ಲಿಯೂ ಹೊರಬಿಡುವ ಉಸಿರು ದೀರ್ಘವಾದಾಗ, ವೇಗಸ್ ಎಂಬ ನರದ ಮೂಲಕ ಹೃದಯದ ಗತಿ ಇಳಿಯುತ್ತದೆ. ಆದರೆ ಉಸಿರನ್ನು ಬಲಾತ್ಕಾರದಿಂದ ಕಟ್ಟಬಾರದು. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಪ್ರಾಣಾಯಾಮವನ್ನು ವಿಸ್ತಾರವಾಗಿ ವಿವರಿಸಿದ ಮೇಲೆಯೇ, ಹಾಗೆ ಪೀಡಿಸಿದ ಪ್ರಾಣದಿಂದ ಮನಸ್ಸಿಗೆ ಸ್ವಾಸ್ಥ್ಯ ದೊರೆಯದೆಂದು ಎಚ್ಚರಿಸಿದ್ದಾರೆ. ಉಸಿರನ್ನು ಎಣಿಸಬೇಕು, ಆಳಬಾರದು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳದಿದ್ದರೆ ಅಪರಾಧವಾದೀತು. ಊಟ ನಿದ್ರೆ ಬಿಟ್ಟು ಜೀವನವೇ ಬೇಡವೆನ್ನುವ ಸ್ಥಿತಿಗೆ ಬಂದವರನ್ನು ಕಾಯೋತ್ಸರ್ಗ ಮಾಡು, ಸರಿಹೋಗುತ್ತದೆ ಎಂದು ಮನೆಯಲ್ಲಿ ಕೂಡಿಸಬಾರದು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ ಈ ನಾಡಿನಲ್ಲಿಯೇ ಇದೆ. ಅಲ್ಲಿ ಔಷಧದ ಜೊತೆಗೆ ಯೋಗವನ್ನೂ ಉಪಯೋಗಿಸುತ್ತಾರೆ. ಮಾತ್ರೆ ನುಂಗಿದರೆ ಸಮ್ಯಕ್ತ್ವಕ್ಕೆ ಕುಂದು ಎಂದು ತಿಳಿದ ಮನೆಗಳು ಇಂದಿಗೂ ಇವೆ. ದೇಹ, ವಾಕ್ಕು, ಚಿತ್ತ ಮೂರರ ಮಲಗಳನ್ನೂ ಕಳೆಯುವ ಮಾತುಗಳನ್ನಾಡಿದವರೆಂದು ಶುಭಚಂದ್ರಾಚಾರ್ಯರು ಜ್ಞಾನಾರ್ಣವದ ಆದಿಯಲ್ಲಿ ವಂದಿಸುವುದು ಕರ್ನಾಟಕದವರೇ ಆದ ದೇವನಂದಿ ಪೂಜ್ಯಪಾದರನ್ನು. ಸಮಾಧಿತಂತ್ರ ಬರೆದ ಆ ಮಹನೀಯರನ್ನು ವೈದ್ಯಶಾಸ್ತ್ರದ ಆಚಾರ್ಯರೆಂದೂ ಪರಂಪರೆ ಸ್ಮರಿಸುತ್ತದೆ. ಮೂರನ್ನೂ ಒಬ್ಬರೇ ಕಂಡಿರುವಾಗ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಹಟವೇಕೆ?

ಕಾಯೋತ್ಸರ್ಗವಿರುವುದು ಕರ್ಮನಿರ್ಜರೆಗಾಗಿ, ಮನಸ್ಸಿನ ನೆಮ್ಮದಿಗಾಗಿ ಅಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ರೈತನು ಬತ್ತಕ್ಕಾಗಿಯೇ ಬಿತ್ತುತ್ತಾನೆ. ಆದರೆ ಹುಲ್ಲನ್ನು ಗದ್ದೆಯಲ್ಲಿ ಬಿಟ್ಟು ಬರುವುದಿಲ್ಲ, ಮನೆಯಲ್ಲಿ ದನಗಳಿವೆ.

ಈ ನಾಡು ಈ ಭಂಗಿಯನ್ನು ಬೆಟ್ಟದ ಮೇಲೆ ನಿಲ್ಲಿಸಿದ ನಾಡು. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ, 1432ರ ಕಾರ್ಕಳದ ಮೂರ್ತಿ, 1604ರ ವೇಣೂರಿನ ಮೂರ್ತಿ, 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ ಮೂರ್ತಿ, ಎಲ್ಲವೂ ಕಾಯೋತ್ಸರ್ಗದವು. ಎಲ್ಲವೂ ಅಣ್ಣನೊಡನೆ ಜಗಳವಾಡಿದ ಒಬ್ಬ ತಮ್ಮನವು. ಬಾಹುಬಲಿ ಒಂದು ವರ್ಷ ಅಲುಗದೆ ನಿಂತನು, ಬಳ್ಳಿಗಳು ತೊಡೆ ತೋಳುಗಳನ್ನು ಸುತ್ತಿದವು. ಆದರೂ ಕೇವಲಜ್ಞಾನ ಬರಲಿಲ್ಲ. ನಿಂತ ನೆಲ ಭರತನದು ಎಂಬ ಎಳೆಯೊಂದು ಒಳಗೆ ಉಳಿದಿತ್ತೆಂದು ಈ ನಾಡಿನ ಕಥೆ ಹೇಳುತ್ತದೆ. ಭರತನು ಬಂದು ಪೂಜಿಸಿದ ಮೇಲೆ ಆ ಎಳೆ ಕಳಚಿತು. ಅಣ್ಣ ತಾನಾಗಿಯೇ ಬಂದನು ಎಂಬುದನ್ನು ಮಸ್ತಕಾಭಿಷೇಕಕ್ಕೆ ಹೋಗುವವರು ನೆನೆಯುವುದು ಅಪರೂಪ. ಶೆಟ್ಟರು ನೆನೆದರು. ಅವರು ಹೋಗಬೇಕಾಗಿದ್ದ ಕಾಲ ಮೀರಿತ್ತು.

ತಮ್ಮನ ಹೆಂಡತಿಯ ಮನೆಗೆ ಅವರು ಮರುವರ್ಷದ ಪರ್ಯುಷಣದ ಕೊನೆಗೆ ಹೋದರು. ಆಕೆ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಅದರ ಮುಂದಿನ ವರ್ಷ ಕರೆದರು. ವ್ಯಾಜ್ಯವನ್ನು ಹಿಂತೆಗೆದುಕೊಳ್ಳಲಾಗಿದೆ, ಗೋಡೆ ಹಾಗೆಯೇ ಇದೆ, ಅದನ್ನು ಒಡೆದರೆ ಛಾವಣಿ ನಿಲ್ಲುವುದಿಲ್ಲವಂತೆ. ನಿದ್ರೆ ಬರುತ್ತದೆ, ಎಲ್ಲ ರಾತ್ರಿಯೂ ಅಲ್ಲ. ಸಂಜೆ ಅಂಗಡಿಯನ್ನು ಹುಡುಗರಿಗೆ ಒಪ್ಪಿಸಿ ಬಸದಿಗೆ ಹೋಗಿ ನಿಲ್ಲುತ್ತಾರೆ. ಹತ್ತು ಹನ್ನೆರಡು ಉಸಿರಾಗುವಷ್ಟರಲ್ಲಿ ಬಲಗೈ ಈಗಲೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದು ಅವರಿಗೆ ಈಗ ತಿಳಿಯುತ್ತದೆ.